ಎರಡನೇ ಗೇರಿನಿಂದ ಶುರು ಮಾಡಿ

ಮಾನ್ಯರೇ,

ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡಬಲ್ಲ ಹಳೆಯ ಫಿಯೆಟ್ ಪಾಂಡಾ ಫೋರ್ ಬೈ ಫೋರ್ ಕಾರಿನ ಬಗ್ಗೆ ತಾವು ಕಳಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ನಾಲ್ಕನೇ ಪುಟದಲ್ಲಿರುವ ಒಂದು ಪ್ಯಾರಾವನ್ನು ಕೈಬಿಡಲು ಮನಸ್ಸು ಬಾರದೆ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟಗಳಲ್ಲಿ ‘ಮುದ್ದಾದ’ ಎಂಬ ಮಾತು ಏಳು ಬಾರಿ ಬಂದಿದೆ. ಜೊತೆಗೆ ‘ವಿಶಿಷ್ಟ’, ‘ಅಪ್ರತಿಮ’, ‘ಬೆಟ್ಟದ ಆಡು’. ಇವೆಲ್ಲ ನಿಮ್ಮ ಸಂತೋಷವನ್ನು ತಿಳಿಸುತ್ತವೆಯೇ ಹೊರತು ಕಾರನ್ನು ತೋರಿಸುವುದಿಲ್ಲ. ನಮ್ಮ ಓದುಗರಿಗೆ ಫಿಯೆಟ್ ಎಂದರೆ ಕಣ್ಣಮುಂದೆ ಬರುವುದು ಪ್ರೀಮಿಯರ್ ಪದ್ಮಿನಿಯ ದುಂಡು ಮೈ. ಚಪ್ಪಟೆ ಗಾಜಿನ, ಡಬ್ಬಿಯಂಥ ಈ ಗಾಡಿಯನ್ನು ಅವರು ಮೊದಲು ಕಾಣಬೇಕು.

ಈಗ ಆ ಪ್ಯಾರಾ. ಇಟಲಿಯ ಆಲ್ಪ್ಸ್ ಬೆಟ್ಟಗಳ ಆಓಸ್ತಾ ಕಣಿವೆಯಲ್ಲಿ ನೀವು ತಂಗಿದ್ದ ಮನೆಯ ಯಜಮಾನರು ಬೆಳಗಿನ ಜಾವ ಹಾಲಿನ ಕ್ಯಾನುಗಳ ಜೊತೆ ನಿಮ್ಮನ್ನೂ ಕೂರಿಸಿಕೊಂಡು ಹೊರಡುತ್ತಾರೆ. ಡಾಂಬರು ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಗಾಡಿ ಎತ್ತುತ್ತಾರೆ. ಹಿಮ ತುಂಬಿದ ತಿರುವಿನ ಮುಂಚೆ ನಿಲ್ಲಿಸಿ, ಗೇರಿನ ಹಿಂದಿರುವ ಸಣ್ಣ ಲಿವರ್ ಎಳೆದು, ಮೊದಲನೇ ಗೇರಿಗೆ ಹಾಕಿ ನಿಧಾನವಾಗಿ ಹತ್ತಿಸುತ್ತಾರೆ; ಹಿಮ ತೆಗೆದ ಒಣ ರಸ್ತೆ ಸಿಕ್ಕ ಕೂಡಲೇ ಲಿವರನ್ನು ಮೊದಲಿದ್ದ ಜಾಗಕ್ಕೆ ಬಿಡುತ್ತಾರೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ನೀವು ‘ಅದ್ಭುತ ಅನುಭವ’ ಎಂದು ಮುಂದೆ ಹೋಗಿಬಿಟ್ಟಿದ್ದೀರಿ. ಅವರು ಮೊದಲನೇ ಗೇರನ್ನು ಯಾಕೆ ಬಿಟ್ಟರು, ಲಿವರನ್ನು ಯಾಕೆ ಮೊದಲಿದ್ದ ಜಾಗಕ್ಕೆ ಬಿಟ್ಟರು ಎಂದು ನೀವು ಕೇಳಲೇ ಇಲ್ಲ.

ಈ ಕಾರಿನ ಸೊಗಸೆಲ್ಲ ಆ ಎರಡು ಪ್ರಶ್ನೆಗಳಲ್ಲಿದೆ. ಜೀಪಿನ ಜಾತಿಯ ಗಾಡಿಗಳಲ್ಲಿ, ಉದಾಹರಣೆಗೆ 1985ರಲ್ಲಿ ಬಂದ ನಮ್ಮ ಮಾರುತಿ ಜಿಪ್ಸಿಯಲ್ಲಿ, ಕಡಿದಾದ ಏರಿಗೆಂದೇ ಇನ್ನೊಂದು ಗೇರುಪೆಟ್ಟಿಗೆ ಇರುತ್ತದೆ. 3.4 ಮೀಟರ್ ಉದ್ದವೂ ಇಲ್ಲದ, ಎಂಜಿನ್ ಅಡ್ಡಲಾಗಿ ಕೂತಿರುವ ಪಾಂಡಾದಲ್ಲಿ ಅಂಥದ್ದನ್ನು ಸೇರಿಸದೆ, ಮೊದಲನೇ ಗೇರನ್ನೇ ತೀರ ನಿಧಾನದ, ಎಳೆಯುವ ಶಕ್ತಿಯ ಗೇರಾಗಿ ಮಾಡಿದರು. ಹಾಗಾಗಿ ಸಮತಟ್ಟಾದ ರಸ್ತೆಯಲ್ಲಿ ಎರಡನೆಯದರಿಂದ ಹೊರಡಬೇಕು, ಇದರ ಐದನೇ ಗೇರು ಸಾಧಾರಣ ಪಾಂಡಾದ ನಾಲ್ಕನೆಯದಕ್ಕೆ ಸಮ. ಇನ್ನು ಲಿವರಿನ ವಿಷಯ: ಅದನ್ನು ಎಳೆದಾಗ ಮಾತ್ರ ಹಿಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇದರಲ್ಲಿಲ್ಲ. ಜಾರುವ ನೆಲದಲ್ಲಿ ಅದರಿಂದ ತೊಂದರೆಯಿಲ್ಲ, ಒಣ ರಸ್ತೆಯ ತಿರುವಿನಲ್ಲಿ ಮಾತ್ರ ಟೈರುಗಳು ಉಜ್ಜುತ್ತವೆ, ಗಾಡಿ ಬಿಗಿಯುತ್ತದೆ. ಆ ಹಿರಿಯರ ಕೈಗೆ ಇದೆಲ್ಲ ಗೊತ್ತಿತ್ತು. ಲೇಖನವನ್ನು ಆ ಕೈಯಿಂದಲೇ ಶುರು ಮಾಡಿ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ’ ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. ನೀವೇ ಕಂಡ ಲಿವರ್ ಅದನ್ನು ಅಲ್ಲಗಳೆಯುತ್ತದೆ. ‘ಆಸ್ಟ್ರಿಯಾದ ಎಂಜಿನ್’ ಎಂಬುದೂ ಸರಿಯಲ್ಲ. 1983ರಲ್ಲಿ ಬಂದ ಮೊದಲ ಮಾದರಿಯ 965 ಸಿಸಿ, 48 ಅಶ್ವಶಕ್ತಿಯ ಎಂಜಿನ್ ಇಟಲಿಯದೇ ಆದ ಆಟೋಬಿಯಾಂಕಿ ಎ112 ಎಂಬ ಸಣ್ಣ ಕಾರಿನಿಂದ ಬಂದದ್ದು. ಆಸ್ಟ್ರಿಯಾದ ಸ್ಟೈರ್-ಪುಖ್ ಕಂಪನಿ ಕೊಟ್ಟದ್ದು ಕ್ಲಚ್, ಗೇರುಪೆಟ್ಟಿಗೆ, ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಮೂರು ತುಂಡಿನ ಪ್ರೊಪೆಲ್ಲರ್ ಶಾಫ್ಟ್ ಮತ್ತು ಹಿಂದಿನ ಆಕ್ಸಲ್. ಗಟ್ಟಿಗೊಳಿಸಿದ ಬಾಡಿಗೆ ಅವನ್ನು ಜೋಡಿಸಿದ್ದು ಇಟಲಿಯ ದಕ್ಷಿಣದ ದ್ವೀಪ ಸಿಸಿಲಿಯ ಟೆರ್ಮಿನಿ ಇಮೆರೆಸೆಯಲ್ಲಿ. ಆಲ್ಪ್ಸ್ ಬೆಟ್ಟದ ಗಾಡಿಯೆಂದು ಎಲ್ಲರೂ ನೆನೆಯುವ ಇದು ಸಮುದ್ರದಂಡೆಯ ಊರೊಂದರಲ್ಲಿ ಸಿದ್ಧವಾಗುತ್ತಿತ್ತೆಂಬುದು ನನಗಂತೂ ಬಹಳ ಇಷ್ಟವಾದ ಸಂಗತಿ.

ವಿನ್ಯಾಸಕಾರ ಜೊರ್ಜೆಟ್ಟೊ ಜುಜಾರೊ ಅವರ ಜೀವನಚರಿತ್ರೆಗೆ ಒಂದು ಪುಟ ಕೊಟ್ಟಿದ್ದೀರಿ; ಅದನ್ನು ತೆಗೆಯಿರಿ. ಅವರು ಪಾಂಡಾವನ್ನು ಜೀನ್ಸ್ ಪ್ಯಾಂಟಿಗೆ ಹೋಲಿಸಿದ್ದರೆಂಬ ಒಂದು ಮಾತು ಇರಲಿ, ಏಕೆಂದರೆ ಮಿಕ್ಕದ್ದನ್ನು ಕಾರೇ ಹೇಳುತ್ತದೆ. ಗಾಜುಗಳೆಲ್ಲ ಚಪ್ಪಟೆ, ಆದ್ದರಿಂದ ಅಗ್ಗ. ಬಾಗಿಲಿನ ಗಾಜು ಎಡಕ್ಕೂ ಸರಿ, ಬಲಕ್ಕೂ ಸರಿ. ಸೀಟಿನ ಬಟ್ಟೆಯನ್ನು ಬಿಚ್ಚಿ ಒಗೆಯಬಹುದು. ಹಿಂದಿನ ಸೀಟನ್ನು ಮಲಗಿಸಿ ಹಾಸಿಗೆ ಮಾಡಬಹುದು, ಬೇಡವೆಂದರೆ ಪೂರ್ತಿ ತೆಗೆದಿಡಬಹುದು. ನಿಮ್ಮ ಜೊತೆ ಬಂದ ಹಾಲಿನ ಕ್ಯಾನುಗಳು ಎಲ್ಲಿ ನಿಂತಿದ್ದವು? ಅದನ್ನು ಬರೆದರೆ ಸೀಟಿನ ವರ್ಣನೆಯೂ ತಾನಾಗಿ ಬರುತ್ತದೆ.

ಕಾರಿನ ಕುಂದುಗಳನ್ನು ಮುಚ್ಚಿಡಬೇಡಿ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಖಾಲಿ ಗಾಡಿಯನ್ನು ಎತ್ತಿ ಹಾಕುತ್ತವೆ, ಹೆದ್ದಾರಿಯಲ್ಲಿ ಸದ್ದು ಹೆಚ್ಚು, ತುಕ್ಕು ತಿಂದು ಹೋದ ಹಳೆಯ ಪಾಂಡಾಗಳಿಗೆ ಲೆಕ್ಕವಿಲ್ಲ. ಇವನ್ನೂ ಓದಿದ ಮೇಲೆ ನಿಮ್ಮ ಮೆಚ್ಚುಗೆಯನ್ನು ಓದುಗರು ನಂಬುತ್ತಾರೆ.

ಆರು ಪುಟ ಬೇಡ, ಮೂರು ಸಾಕು. ಇನ್ನೊಂದು ವಿಷಯ: 1986ರಲ್ಲಿ ಈ ಕಾರಿಗೆ 999 ಸಿಸಿಯ ಹೊಸ ಎಂಜಿನ್ ಬಂತು. ನೀವು ಕೂತ ಗಾಡಿ ಅದಕ್ಕೆ ಮುಂಚಿನದೋ ಅನಂತರದ್ದೋ ಎಂಬುದು ಲೇಖನದಲ್ಲಿ ಎಲ್ಲೂ ಇಲ್ಲ. ಆ ಯಜಮಾನರೊಂದಿಗೆ ಇನ್ನೂ ಪತ್ರವ್ಯವಹಾರವಿದ್ದರೆ ದಯವಿಟ್ಟು ಕೇಳಿ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ