ಆರು ತಿಂಗಳಲ್ಲಿ ‘ಸರಿಮಾಡಿ ಕೊಡುವ’ ಶಾಲೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಗನಿಗೆ ಹದಿನಾಲ್ಕು ತುಂಬಿದೆ. ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಏಳನೇ ಕ್ಲಾಸಿನವರೆಗೆ ತುಂಟ ಅನ್ನುವುದು ಬಿಟ್ಟರೆ ದೂರು ಇರಲಿಲ್ಲ. ಈಗ ಟೀಚರಿಗೆ ಎದುರುತ್ತರ ಕೊಡುತ್ತಾನೆ, ಹುಡುಗರ ಜೊತೆ ಹೊಡೆದಾಡುತ್ತಾನೆ, ಒಮ್ಮೆ ಬೆಂಚು ಎತ್ತಿ ಹಾಕಿದ. ಮನೆಯಲ್ಲಿ ಫೋನ್ ಕಿತ್ತುಕೊಂಡರೆ ಬಾಗಿಲು ಒದೆಯುತ್ತಾನೆ. ಎರಡು ಸಲ ಪರ್ಸಿನಿಂದ ದುಡ್ಡು ಹೋಗಿದೆ. ಟಿಸಿ ತಗೊಂಡು ಹೋಗಿ ಅನ್ನುತ್ತಿದ್ದಾರೆ ಶಾಲೆಯವರು. ಅವರಪ್ಪನಿಗೆ ಯಾರೋ ಒಂದು ರೆಸಿಡೆನ್ಷಿಯಲ್ ಶಾಲೆ ಹೇಳಿದ್ದಾರೆ. ಆರು ತಿಂಗಳಲ್ಲಿ ಸರಿಮಾಡಿ ಕೊಡುತ್ತಾರಂತೆ, ಮೊದಲ ಮೂರು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲವಂತೆ. ಕಳಿಸಬಹುದೇ? ಇಂಥ ಮಕ್ಕಳಿಗೆ ಬೇರೆ ಶಾಲೆ ಆರಿಸುವುದು ಹೇಗೆ? (ತಾಯಿ, ದಾವಣಗೆರೆ)

ಉತ್ತರ: ಕಳಿಸಬೇಡಿ. ಹಾಸ್ಟೆಲಿನಲ್ಲಿ ಏಟು ಬಿದ್ದರೆ, ದೊಡ್ಡ ಹುಡುಗರು ಕಾಟ ಕೊಟ್ಟರೆ, ಜ್ವರ ಬಂದು ಮಲಗಿದರೆ ಅದು ನಿಮ್ಮ ಕಿವಿಗೆ ಬೀಳುವುದು ಅವನೇ ಬಾಯಿಬಿಟ್ಟು ಹೇಳಿದಾಗ. ಆ ಬಾಯಿಯನ್ನೇ ಮೂರು ತಿಂಗಳು ಕಟ್ಟುವುದು ನಿಯಮವಾದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆರು ತಿಂಗಳ ಭರವಸೆಯನ್ನೂ ನಂಬಬೇಡಿ. ಹುಡುಗನನ್ನು ನೋಡದೆ, ಕಾರಣ ಏನೆಂದು ಕೇಳದೆ ಯಾರೂ ಅವಧಿ ಹೇಳಲಾರರು. ಇನ್ನೊಂದು ಅಪಾಯವೂ ಇದೆ. ಹೊಡೆದಾಡುವ, ಕದಿಯುವ ಹುಡುಗರನ್ನೇ ಒಂದು ಕಡೆ ಸೇರಿಸಿದರೆ ಅವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಈ ವಯಸ್ಸಿನಲ್ಲಿ ಮೇಷ್ಟ್ರ ಮೆಚ್ಚುಗೆಗಿಂತ ಗೆಳೆಯರ ನಗು ಹೆಚ್ಚು ರುಚಿಸುತ್ತದೆ.

ಟಿಸಿ ವಿಷಯ ತುರ್ತಿನದು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ನಿಮ್ಮ ಮಗ ಆ ರಕ್ಷಣೆಯನ್ನು ದಾಟಿದ್ದಾನೆ. ಆದರೂ ‘ನಾವೇ ಟಿಸಿ ಕೇಳುತ್ತಿದ್ದೇವೆ’ ಎಂಬ ಅರ್ಜಿಗೆ ಸಹಿ ಹಾಕಬೇಡಿ. ಯಾವ ದಿನ, ಯಾವ ಪೀರಿಯಡ್ಡು, ಏನಾಯಿತು, ಶಾಲೆ ಏನು ಕ್ರಮ ತೆಗೆದುಕೊಂಡಿತು ಎಂದು ಬರವಣಿಗೆಯಲ್ಲಿ ಕೇಳಿ. ಪರೀಕ್ಷೆ ಮುಗಿಯುವವರೆಗೆ ಸಮಯವನ್ನೂ ಕೇಳಿ. ಸಿಬಿಎಸ್‌ಇಯಲ್ಲಿ ಮಕ್ಕಳ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ಹತ್ತಕ್ಕೆ ನೇರವಾಗಿ ಬೇರೆ ಶಾಲೆ ಸೇರಲು ಕಟ್ಟುನಿಟ್ಟಿನ ಷರತ್ತುಗಳಿವೆ. ವರ್ಷದ ನಡುವೆ ಸಿಟ್ಟಿನಿಂದ ಟಿಸಿ ತಂದು, ಆಮೇಲೆ ಸೀಟು ಸಿಗದೆ ಹುಡುಗ ಮನೆಯಲ್ಲಿ ಕೂತರೆ ಅರ್ಧ ಯುದ್ಧ ಅಲ್ಲೇ ಸೋತಂತೆ.

ಈಗ ಕಾರಣ. ‘ಏಳನೇ ಕ್ಲಾಸಿನವರೆಗೆ ದೂರು ಇರಲಿಲ್ಲ’ ಎಂದು ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ಅದೇ ಮುಖ್ಯವಾದ ಸಾಲು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ, ದುಡುಕುವ ತೊಂದರೆ) ಎಂದು ಹೇಳಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಂಡಿರಬೇಕು. ‘ತುಂಟ’ ಎಂಬ ಮಾತಿನ ಹಿಂದೆ ಅದು ಅಡಗಿರಲೂಬಹುದು. ಹದಿಮೂರರ ಸುಮಾರಿಗೆ ಹೊಸದಾಗಿ ಶುರುವಾಗಿದ್ದರೆ ಬೇರೆ ಕಾರಣಗಳನ್ನೂ ನೋಡಬೇಕು. ಚಿಕ್ಕ ಕ್ಲಾಸುಗಳಲ್ಲಿ ಬಾಯಿಪಾಠದಿಂದ ಮುಚ್ಚಿಹೋಗಿದ್ದ ಓದುಬರಹದ ತೊಂದರೆ ಎಂಟನೇ ಕ್ಲಾಸಿನ ಉದ್ದುದ್ದ ಪಾಠಗಳ ಮುಂದೆ ಬಯಲಾಗುತ್ತದೆ. ಹುಡುಗರಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಸಿಡುಕಾಗಿ ಕಾಣಿಸಿಕೊಳ್ಳಬಹುದು. ಯಾರೋ ಹಿಂಸಿಸುತ್ತಿರಬಹುದು, ಮೈಮುಟ್ಟಿರಬಹುದು. ಗುಟ್ಕಾ, ವೇಪ್, ಗಾಂಜಾ ಇರಬಹುದು. ಪರ್ಸಿನ ದುಡ್ಡು ಎಲ್ಲಿಗೆ ಹೋಯಿತು ಎನ್ನುವುದರಲ್ಲೇ ಒಂದು ಉತ್ತರ ಇದ್ದೀತು: ನಶೆಗೋ, ಆನ್‌ಲೈನ್ ಆಟಕ್ಕೋ, ಅಥವಾ ಹೆದರಿಸಿ ವಸೂಲಿ ಮಾಡುವ ದೊಡ್ಡ ಹುಡುಗನಿಗೋ.

ಇವತ್ತಿನಿಂದ ಎರಡು ವಾರ ಒಂದು ನೋಟ್‌ಬುಕ್ ಇಡಿ. ಪ್ರತಿ ರಂಪಕ್ಕೂ ಒಂದು ಸಾಲು: ದಿನ, ಹೊತ್ತು, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕ್ಲಾಸ್ ಟೀಚರಿಗೂ ಇದನ್ನೇ ಬರೆದಿಡಲು ಕೇಳಿ. ‘ಆಮೇಲೆ ಏನಾಯಿತು’ ಎಂಬ ಕಲಂ ಬಿಡಬೇಡಿ. ಜೋರಾಗಿ ಓದು ಎಂದಾಗ ಬೆಂಚು ಬಿತ್ತು, ಕ್ಲಾಸಿನಿಂದ ಆಚೆ ಹಾಕಿದರು ಅಂತಿಟ್ಟುಕೊಳ್ಳಿ. ಓದುವುದು ತಪ್ಪಿತು ತಾನೇ? ಶಿಕ್ಷೆ ಎಂದುಕೊಂಡದ್ದು ಅವನಿಗೆ ಬಿಡುಗಡೆಯಾಯಿತು, ಮುಂದಿನ ವಾರ ಮತ್ತೆ ಬೆಂಚು ಬೀಳುತ್ತದೆ.

ಆ ನೋಟ್‌ಬುಕ್ಕಿನ ಜೊತೆ ಒಂದನೇ ಕ್ಲಾಸಿನಿಂದ ಇರುವ ಅಂಕಪಟ್ಟಿಗಳು, ಅವನ ಕೈಬರಹದ ನೋಟ್ಸು, ಕಣ್ಣು ಮತ್ತು ಕಿವಿಯ ತಪಾಸಣೆಯ ವರದಿ ಹಿಡಿದು ಮನೋವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಿಂದ ಶುರುಮಾಡಬಹುದು. ಬೇಕಾದರೆ ಅವರೇ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೋ ಕಳಿಸುತ್ತಾರೆ. ಬುದ್ಧಿಮಟ್ಟ ಮತ್ತು ಕಲಿಕೆಯ ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಲು ಸಂಕೋಚ ಬೇಡ. ಸರಿಯಾದ ಪರೀಕ್ಷೆ ಒಂದೇ ಕೂತಲ್ಲಿ ಮುಗಿಯುವುದು ಅಪರೂಪ, ಎರಡು ಮೂರು ಭೇಟಿ ಬೇಕಾಗುತ್ತದೆ. ಹುಡುಗನ ಜೊತೆ ವೈದ್ಯರು ಒಬ್ಬರೇ ಮಾತಾಡಲು ಬಿಡಿ, ನೀವಿಬ್ಬರೂ ಹೊರಗೆ ಕೂರಿ.

ಈ ವರದಿ ಕೈಗೆ ಬಂದ ಮೇಲೆ ಶಾಲೆಯ ಮಾತು. ಕರ್ನಾಟಕದಲ್ಲಿ ‘ವಿಶೇಷ ಶಾಲೆ’ ಎಂಬ ಫಲಕವಿರುವ ಹೆಚ್ಚಿನವು ಬೌದ್ಧಿಕ ನ್ಯೂನತೆ, ಆಟಿಸಂ, ಶ್ರವಣದೋಷ, ಅಂಧತ್ವ ಇರುವ ಮಕ್ಕಳಿಗಾಗಿ ಇರುವಂಥವು. ಬುದ್ಧಿ ಚುರುಕಾಗಿದ್ದು ಸಿಟ್ಟು ಹಿಡಿತಕ್ಕೆ ಸಿಗದ ಹುಡುಗನನ್ನು ಅಲ್ಲಿ ಕೂರಿಸಿದರೆ ಅವನಿಗೂ ಅವಮಾನ, ಉಳಿದ ಮಕ್ಕಳಿಗೂ ತೊಂದರೆ. ಕಲಿಕಾ ನ್ಯೂನತೆ ಕಂಡುಬಂದರೆ ವಿಶೇಷ ಶಿಕ್ಷಕರು ಮತ್ತು ರಿಸೋರ್ಸ್ ರೂಮ್ (ಅವರು ಬೇರೆಯಾಗಿ ಕೂರಿಸಿ ಪಾಠ ಹೇಳುವ ಕೋಣೆ) ಇರುವ, ಕ್ಲಾಸಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಸಾಮಾನ್ಯ ಶಾಲೆ ಸಾಕು. ಎಡಿಎಚ್‌ಡಿ ಆದರೆ ಚಿಕಿತ್ಸೆ ಶುರುವಾದ ಮೇಲೆ ಎಷ್ಟೋ ಹುಡುಗರು ಇದ್ದ ಶಾಲೆಯಲ್ಲೇ ನಿಲ್ಲುತ್ತಾರೆ. ಹಿಂಸೆ ಕೊಡುವವರು ಅದೇ ಶಾಲೆಯಲ್ಲಿದ್ದು ಶಾಲೆ ಅದನ್ನು ನಿಲ್ಲಿಸದಿದ್ದರೆ ಶಾಲೆ ಬದಲಿಸುವುದೇ ಸರಿ. ಖಿನ್ನತೆ ಅಥವಾ ನಶೆ ಇದ್ದರೆ ಮೊದಲು ಬೇಕಾದದ್ದು ಆಸ್ಪತ್ರೆಯ ಚಿಕಿತ್ಸೆ, ಶಾಲೆ ಆಮೇಲೆ. ವಸತಿ ಶಾಲೆ ಎಲ್ಲಕ್ಕಿಂತ ಕೊನೆಯದು.

ಶಾಲೆ ನೋಡಲು ಹೋದಾಗ ಈಜುಕೊಳ, ಕುದುರೆ ಸವಾರಿ, ಎಸಿ ಕೋಣೆ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಒಂದೇ ಅರ್ಧ ಗಂಟೆಯ ವಿಷಯ: ‘ಹುಡುಗ ಸಿಟ್ಟು ನೆತ್ತಿಗೇರಿ ಕುರ್ಚಿ ಎಸೆದ. ಅಲ್ಲಿಂದ ಮುಂದಿನ ಅರ್ಧ ಗಂಟೆ ನಿಮ್ಮಲ್ಲಿ ಏನಾಗುತ್ತದೆ?’ ಯಾರು ಅವನ ಬಳಿ ಹೋಗುತ್ತಾರೆ, ಉಳಿದ ಮಕ್ಕಳನ್ನು ಯಾರು ಆಚೆ ಕರೆದೊಯ್ಯುತ್ತಾರೆ, ಅವನನ್ನು ಎಲ್ಲಿ ಕೂರಿಸುತ್ತಾರೆ, ಆ ಕೋಣೆಗೆ ಹೊರಗಿನಿಂದ ಚಿಲಕ ಇದೆಯೇ, ಹಿಡಿಯಬೇಕಾಗಿ ಬಂದರೆ ಹೇಗೆ ಹಿಡಿಯುತ್ತಾರೆ, ಎಷ್ಟು ಹೊತ್ತಿಗೆ ಕ್ಲಾಸಿಗೆ ಮರಳುತ್ತಾನೆ, ಮನೆಗೆ ಅದೇ ದಿನ ತಿಳಿಸುತ್ತಾರೆಯೇ. ಕಲಿತವರು ಇದಕ್ಕೆ ತಡವರಿಸದೆ ಉತ್ತರ ಕೊಡುತ್ತಾರೆ: ದನಿ ತಗ್ಗಿಸುತ್ತೇವೆ, ಎರಡು ಮೂರು ಅಡಿ ದೂರ ನಿಲ್ಲುತ್ತೇವೆ, ಆ ಹೊತ್ತಿನಲ್ಲಿ ಬುದ್ಧಿ ಹೇಳುವುದಿಲ್ಲ, ತಣ್ಣಗಾದ ಮೇಲೆ ಮಾತಾಡಿ ಬಿಟ್ಟ ಕೆಲಸವನ್ನು ಮುಗಿಸಿಸುತ್ತೇವೆ. ‘ನಮ್ಮಲ್ಲಿ ಅಂಥದ್ದು ನಡೆಯುವುದೇ ಇಲ್ಲ’ ಅಂದರೆ ಒಂದೋ ಸುಳ್ಳು, ಇಲ್ಲವೇ ಭಯ. ಎರಡೂ ನಿಮಗೆ ಬೇಡ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ, ಹಾಗೆ ಹಿಡಿದರೆ ಉಸಿರು ನಿಂತು ಪ್ರಾಣ ಹೋಗಬಹುದು. ಊಟ ತಪ್ಪಿಸುವುದು, ಬಿಸಿಲಲ್ಲಿ ನಿಲ್ಲಿಸುವುದು, ತಲೆ ಬೋಳಿಸುವುದು, ಮನೆಗೆ ಫೋನ್ ಮಾಡಿಸದಿರುವುದು, ಇವೆಲ್ಲಾ ಆ ಜಾಗ ಬೇಡ ಎನ್ನಲು ಸಾಕಷ್ಟು ಕಾರಣ. ಘಟನೆ ಬರೆದಿಡುವ ನಮೂನೆಯ ಖಾಲಿ ಹಾಳೆ ತೋರಿಸಿ ಎಂದು ಕೇಳಿ. ಹಾಳೆಯೇ ಇಲ್ಲದಿದ್ದರೆ ಲೆಕ್ಕವೂ ಇಲ್ಲ.

ವಸತಿ ಇದ್ದರೆ ಸಂಜೆ ಹೊತ್ತು ಹೋಗಿ ನೋಡಿ. ಹಾಸ್ಟೆಲಿನ ತೊಂದರೆಗಳು ಹೆಚ್ಚಾಗಿ ಊಟದಿಂದ ನಿದ್ದೆಯ ನಡುವೆ ಮತ್ತು ಭಾನುವಾರ ಮಧ್ಯಾಹ್ನ, ಅಂದರೆ ಕೆಲಸವಿಲ್ಲದ, ದೊಡ್ಡವರು ಕಡಿಮೆ ಇರುವ ಹೊತ್ತಿನಲ್ಲಿ. ರಾತ್ರಿ ಎಚ್ಚರವಿರುವ ದೊಡ್ಡವರು ಎಷ್ಟು ಜನ, ಆರನೇ ಕ್ಲಾಸಿನವರೂ ಹತ್ತನೇ ಕ್ಲಾಸಿನವರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆಯೇ, ಮಾತ್ರೆ ಬೀಗದಲ್ಲಿಟ್ಟು ಕೊಟ್ಟಾಗಲೆಲ್ಲಾ ಸಹಿ ಹಾಕುವ ರಿಜಿಸ್ಟರ್ ಇದೆಯೇ ಎಂದು ನೋಡಿ. ‘ನಮ್ಮಲ್ಲಿಗೆ ಬಂದ ಮೇಲೆ ಮಾತ್ರೆ ಬೇಡ’ ಎನ್ನುವ ಶಾಲೆ ವೈದ್ಯರ ಕೆಲಸಕ್ಕೆ ಕೈಹಾಕುತ್ತಿದೆ. ಕೆಲವು ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಅಪಾಯ. ಸರ್ಕಾರ ಪ್ರತಿ ಶಾಲೆಗೂ ಕೊಡುವ 11 ಅಂಕಿಯ ಯು-ಡೈಸ್ ಗುರುತಿನ ಸಂಖ್ಯೆ ಮತ್ತು ಬೋರ್ಡಿನ ಮಾನ್ಯತೆ ಕೇಳಿ ಪಡೆಯಿರಿ. ಮಾನಸಿಕ ಕಾಯಿಲೆಗೆ ಒಳಗಿಟ್ಟು ಚಿಕಿತ್ಸೆ ಕೊಡುವ ಜಾಗವಾದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಅಡಿ ನೋಂದಣಿ ಬೇಕು. ಆ ಕಾಯ್ದೆಯಂತೆ ಅಪ್ರಾಪ್ತರನ್ನು ದೊಡ್ಡವರ ಜೊತೆ ಇಡುವಂತಿಲ್ಲ, ದಾಖಲಾದ ವಿಷಯವನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ದೊಡ್ಡವರ ವ್ಯಸನಮುಕ್ತಿ ಕೇಂದ್ರದ ಮೂಲೆಯಲ್ಲಿ ನಡೆಸುವ ‘ಶಾಲೆ’ಯತ್ತ ತಲೆ ಹಾಕಲೇಬೇಡಿ.

ಫೀಸು ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ನಾಲ್ಕರಿಂದ ಆರು ವಾರ ಪ್ರಯೋಗಕ್ಕೆ ಬಿಟ್ಟು, ನಡುವೆ ಬಿಡಿಸಿದರೆ ಎಷ್ಟು ವಾಪಸು ಎಂದು ಬರೆಸಿಕೊಳ್ಳಿ. ನಿಮಗೆ ಏನು ಕಲಿಸುತ್ತಾರೆ ಎಂದೂ ಕೇಳಿ. ಹುಡುಗ ಅಲ್ಲಿ ತಣ್ಣಗಾಗಿ, ಮನೆಗೆ ಬಂದ ವಾರದಲ್ಲೇ ಮತ್ತೆ ಬಾಗಿಲು ಒದೆಯುವುದು ಇಂಥ ಶಾಲೆಗಳ ಮಾಮೂಲಿ ಸೋಲು. ಅಪ್ಪ ಅಮ್ಮನ ಮಾತಿನ ರೀತಿ ಹಾಗೇ ಉಳಿದಿರುತ್ತದೆ ಎನ್ನುವುದೇ ಅದಕ್ಕೆ ಕಾರಣ. ಎರಡು ವಾರಕ್ಕೊಮ್ಮೆಯಾದರೂ ಪೋಷಕರನ್ನು ಕೂರಿಸಿ ಕಲಿಸುವ ಶಾಲೆಗೆ ಹೆಚ್ಚು ಅಂಕ ಕೊಡಿ. ಯಾವ ಶಾಲೆಯೇ ಆಗಲಿ, ಸೇರಿಸುವ ಮೊದಲು ಅವನಿಗೆ ತೋರಿಸಿ. ಟ್ರಿಪ್ ಎಂದು ಕರೆದೊಯ್ದು ಬಿಟ್ಟುಬಂದರೆ ಆ ಮೋಸ ಅವನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಅಲ್ಲಿಯವರೆಗೆ ಈಗಿನ ಶಾಲೆಯ ಜೊತೆ ಒಂದು ಕಾರ್ಡಿನ ಒಪ್ಪಂದ ಮಾಡಿಕೊಳ್ಳಿ. ಎರಡೇ ಗುರಿ: ಕೈ ಎತ್ತದಿರುವುದು, ಸಿಟ್ಟು ಬಂದಾಗ ಕಾರ್ಡು ತೋರಿಸಿ ಐದು ನಿಮಿಷ ಹೊರಗೆ ಹೋಗಿ ಬರುವುದು. ಪ್ರತಿ ಪೀರಿಯಡ್ಡಿಗೂ 0, 1 ಅಥವಾ 2 ಅಂಕ, ಟೀಚರ ಸಹಿ. ಮೊದಲ ವಾರ ದಿನದ ಒಟ್ಟು ಅಂಕದ ಶೇ 60 ಬಂದರೆ ಸಾಕು, ಸಂಜೆ ಒಪ್ಪಿಕೊಂಡ ಬಹುಮಾನ ಆ ದಿನವೇ ಕೊಡಿ. ಮೊದಲ ಹತ್ತು ದಿನ ರಂಪ ಹೆಚ್ಚಾದರೆ ಕೈಬಿಡಬೇಡಿ. ಹಳೆಯ ದಾರಿ ಕೆಲಸ ಮಾಡದಿದ್ದಾಗ ಮಕ್ಕಳು ಇನ್ನೊಮ್ಮೆ ಜೋರಾಗಿ ತಳ್ಳಿ ನೋಡುತ್ತಾರೆ. ನಾಲ್ಕರಿಂದ ಆರು ವಾರದಲ್ಲಿ ಬದಲಾವಣೆ ಕಾಣಬೇಕು. ಸಾಯುತ್ತೇನೆ ಎಂಬ ಮಾತು ಒಂದು ಸಲ ಬಂದರೂ ಸುಮ್ಮನಿರಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧ, ಮಾತ್ರೆಗಳಿದ್ದರೆ ಬೀಗ ಹಾಕಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತಾರೆ. ಪ್ರಾಣಕ್ಕೆ ಅಪಾಯವಾದರೆ 112.

ಪ್ರಶ್ನೆ: ಮಗಳಿಗೆ 15. ಎಡಿಎಚ್‌ಡಿ ಮತ್ತು ಕಲಿಕಾ ನ್ಯೂನತೆ ಎರಡೂ ಇವೆ. ಶಾಲೆಯಲ್ಲಿ ಜಗಳ ತಪ್ಪದು. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹತ್ತನೇ ತರಗತಿ ಬರೆಸಿ ಅನ್ನುತ್ತಾರೆ. ಮುಂದೆ ಕಾಲೇಜಿಗೆ ತೊಂದರೆಯೇ? (ಮೈಸೂರು)

ಉತ್ತರ: ತೊಂದರೆಯಿಲ್ಲ, ಅದು ಕೇಂದ್ರ ಸರ್ಕಾರದ ಮಾನ್ಯತೆಯಿರುವ ಬೋರ್ಡು. 14 ತುಂಬಿದವರು ಹತ್ತಕ್ಕೆ ಸೇರಬಹುದು. ಕನಿಷ್ಠ ಐದು ವಿಷಯ. ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ ಇರುವುದರಿಂದ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ಎರಡು ತಪ್ಪು ಆಗುತ್ತವೆ. ಪಾಸು ಖಚಿತ ಎನ್ನುವ ಏಜೆಂಟರಿಗೆ ದುಡ್ಡು ಕೊಡುವುದು ಒಂದು. ಸೇರ್ಪಡೆ ನೇರವಾಗಿ ಎನ್‌ಐಒಎಸ್ ಜಾಲತಾಣದಲ್ಲೇ ಆಗುತ್ತದೆ. ಇನ್ನೊಂದು, ದಿನಪೂರ್ತಿ ಖಾಲಿ ಬಿಡುವುದು. ಬೆಳಿಗ್ಗೆ ಎದ್ದು ಹೊರಡಲು ಒಂದು ಜಾಗ ಬೇಕು: ಎರಡು ಮೂರು ಗಂಟೆ ವಿಶೇಷ ಶಿಕ್ಷಕರ ಪಾಠ, ಆಮೇಲೆ ಈಜೋ ಸಂಗೀತವೋ. ಇಲ್ಲದಿದ್ದರೆ ಮೂರು ತಿಂಗಳಲ್ಲಿ ರಾತ್ರಿ ಹಗಲಾಗುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಈಗಲೇ ಮಾಡಿಸಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 21 ನ್ಯೂನತೆಗಳಲ್ಲಿ ಅದು ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಸಿಗುವುದು ಆ ಕಾಗದದ ಮೇಲೆ.

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಹದಿನೈದರ ಮಗ ಹಿಡಿತಕ್ಕೆ ಸಿಗುತ್ತಿಲ್ಲ. ಊರಲ್ಲಿ ಅಜ್ಜ ಅಜ್ಜಿ ಇದ್ದಾರೆ. ಅಲ್ಲೇ ಯಾವುದಾದರೂ ವಸತಿ ಶಾಲೆಗೆ ಹಾಕಿದರೆ?

ಉತ್ತರ: ಅಲ್ಲಿ ನಿಮಗೆ ಉಚಿತವಾಗಿ ಸಿಗುವುದನ್ನು ಮೊದಲು ಬಳಸಿ. ಸರ್ಕಾರಿ ಶಾಲೆಗೆ ‘ವಿಶೇಷ ಶಿಕ್ಷಣದ ಪರೀಕ್ಷೆ ಮಾಡಿ’ ಎಂದು ಬರವಣಿಗೆಯಲ್ಲಿ ಕೇಳಿ. ಅರ್ಹನಾದರೆ ಅವನಿಗೆಂದೇ ಬರೆದ ಐಇಪಿ ಯೋಜನೆ, ವರ್ತನೆಗೆ ನೆರವು ಎರಡೂ ಸಿಗುತ್ತವೆ. ಅಂಥ ಹುಡುಗನನ್ನು ಶಿಸ್ತಿನ ಕಾರಣಕ್ಕೆ ಹತ್ತು ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಡಬೇಕಾದರೆ, ಆ ವರ್ತನೆ ಅವನ ತೊಂದರೆಯಿಂದಲೇ ಬಂದದ್ದೇ ಎಂದು ಶಾಲೆ ಸಭೆ ಸೇರಿ ನೋಡಲೇಬೇಕು. ಊರಿಗೆ ಬಂದರೆ ಇದೆಲ್ಲಾ ಹೋಗುತ್ತದೆ. ಕನ್ನಡ ಅರ್ಧಂಬರ್ಧ ಬರುವ, ಗೆಳೆಯರಿಲ್ಲದ ಹುಡುಗನ ಸಿಟ್ಟನ್ನು ಎಪ್ಪತ್ತು ದಾಟಿದ ಅಜ್ಜ ಅಜ್ಜಿಯ ಮೇಲೆ ಹೊರಿಸಿದಂತಾಗುತ್ತದೆ. ಹೇಗೂ ಬರಲೇಬೇಕಾದರೆ ನಿಮ್ಮಿಬ್ಬರಲ್ಲಿ ಒಬ್ಬರು ಜೊತೆಗೆ ಬನ್ನಿ. ಅವನು ಎಡಿಎಚ್‌ಡಿಗೆ ಅಡೆರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಭಾರತದಲ್ಲಿ ಮಾರಾಟಕ್ಕಿಲ್ಲ. ಅದೇ ತೊಂದರೆಗೆ ಇಲ್ಲಿ ಸಿಗುವ ಮೀಥೈಲ್‌ಫೆನಿಡೇಟ್ ಕೂಡ ನಿಯಂತ್ರಿತ ಔಷಧ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಟಿಕೆಟ್ ಮಾಡಿಸುವ ಮೊದಲೇ ಅಲ್ಲಿನ ವೈದ್ಯರ ಜೊತೆ ಬದಲಿ ಮಾತ್ರೆಯ ಬಗ್ಗೆ ಮಾತಾಡಿ, ಹೊಂದುತ್ತದೆಯೇ ಎಂದು ಅಲ್ಲಿರುವಾಗಲೇ ಕೆಲವು ವಾರ ಕೊಟ್ಟು ನೋಡಿ.