ಪ್ರತಿಕ್ರಿಯೆ: ಫೋಟೋದಲ್ಲಿ ಕೆಂಪು ದಾಸವಾಳದ ಎಸಳು ಕಾಣುತ್ತಿಲ್ಲ

ನಿಮ್ಮ ದಾಸವಾಳ ಬರೀ ಕೆಂಪು ಮುದ್ದೆಯಾಗಿ ಬರಲು ಬಹುಶಃ ಫೋಕಸ್ ಕಾರಣವಲ್ಲ, ಕೆಂಪು ಬಣ್ಣ ಮಿತಿಮೀರಿದೆ. ಸುತ್ತಲಿನ ಕಡು ಹಸಿರು ಎಲೆಗಳನ್ನು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಹಸಿರು, ನೀಲಿ ಸರಿಯಾಗೇ ಇರುತ್ತವೆ, ಕೆಂಪು ಮಾತ್ರ ತುಂಬಿಹೋಗಿ ಎಸಳಿನ ನೆರಳು, ಗೆರೆ ಎಲ್ಲ ಅಳಿಸಿಹೋಗುತ್ತದೆ.

ಮೊದಲು ನೇರ ಬಿಸಿಲು ತಪ್ಪಿಸಿ. ಬೆಳಗ್ಗೆ ಹೂ ಅರಳಿದ ಮೇಲೆ, ಬಿಸಿಲು ಏರುವ ಮುಂಚೆ ತೆಗೆಯಿರಿ. ಮೋಡವಿದ್ದರೆ ಇನ್ನೂ ಚೆನ್ನ. ಬಿಸಿಲಲ್ಲೇ ತೆಗೆಯಬೇಕಾದರೆ ತೆಳುವಾದ ಬಿಳಿ ಬಟ್ಟೆ ಅಡ್ಡ ಹಿಡಿಯಿರಿ.

ನಿಮ್ಮದು ಫೋನೋ ಕ್ಯಾಮೆರಾನೋ ಬರೆದಿಲ್ಲ. ಫೋನಾದರೆ ಪರದೆಯಲ್ಲಿ ಹೂವಿನ ಮೇಲೆ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) -1ಕ್ಕೆ ಇಳಿಸಿ, ಬಣ್ಣ ಗಾಢ ಮಾಡುವ ವಿವಿಡ್ ಮೋಡ್ ಇದ್ದರೆ ಆಫ್ ಮಾಡಿಬಿಡಿ. ಕೆಂಪಿನ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕೆಂಪು ಎಷ್ಟು ಪ್ರಖರವಾಗಿದೆ ಎಂದು ತೋರಿಸುವ ನಕ್ಷೆ) ಬಲತುದಿಗೆ ಅಂಟಿಕೊಂಡಿದ್ದರೆ ಇನ್ನೂ ಇಳಿಸಿ. ಎಲೆಗಳು ಸ್ವಲ್ಪ ಕಪ್ಪಾಗುತ್ತವೆ, ಆಗಲಿ ಬಿಡಿ. ಅದರಿಂದಲೇ ಹೂ ಎದ್ದು ಕಾಣುತ್ತದೆ. ಎಸಳಿನ ಬುಡದಿಂದ ಅಂಚಿನವರೆಗೆ ಹರಡಿದ ಸಣ್ಣ ನರಗಳು, ಕೇಸರದ ಮೇಲಿನ ಹಳದಿ ಪುಡಿ, ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಇಷ್ಟು ಆಸೆಯಿಂದ ಬೆಳೆಸಿದ ಹೂವಲ್ಲಿ ನೋಡಬೇಕಾದ್ದು ಅದೇ ಅಲ್ವಾ!

ಆಮೇಲೆ ಎಡಿಟ್ ಮಾಡಿ ಸರಿಮಾಡೋಣ ಅಂತ ಬಿಡಬೇಡಿ. ಒಮ್ಮೆ ತುಂಬಿಹೋದ ಕೆಂಪಿನಲ್ಲಿ ಗೆರೆಗಳನ್ನು ವಾಪಸ್ ತರುವುದು ಕಷ್ಟ.

ಬೆಳಕು ಇಳಿಸಿದ ಮೇಲೂ ಮಸುಕಾಗಿದ್ದರೆ ತೀರಾ ಹತ್ತಿರ ಹೋಗಿರಬಹುದು. ಒಂದಡಿ ಹಿಂದೆ ಸರಿದು ತೆಗೆದು, ಆಮೇಲೆ ಫೋಟೋವನ್ನು ಬೇಕಾದಷ್ಟು ಕತ್ತರಿಸಿಕೊಳ್ಳಿ.