‘ಆಗಸದ ಕುಟುಂಬ’ ಲೇಖನದ ಬಗ್ಗೆ ನಾಲ್ಕು ಮಾತು

ಪ್ರಿಯರೇ,

ನಮಸ್ಕಾರ. ಏರ್‌ಬಸ್ ಕಂಪನಿಯ ಪ್ರಯಾಣಿಕ ವಿಮಾನಗಳ ಬಗ್ಗೆ ನೀವು ಕಳಿಸಿದ ‘ಆಗಸದ ಕುಟುಂಬ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲಾರೆ. ಹಾಗಂತ ‘ಸ್ಥಳಾವಕಾಶದ ಕೊರತೆಯಿಂದ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ವಿಮಾನಗಳ ಬಗ್ಗೆ ತಿಳಿದು ಬರೆಯುವವರು ಬೆರಳೆಣಿಕೆಯಷ್ಟು ಜನ. ನಿಮಗೆ ವಿಷಯ ಗೊತ್ತಿದೆ, ಅದರ ಮೇಲೆ ಪ್ರೀತಿಯೂ ಇದೆ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಮೊದಲ ಪುಟ ಪುಷ್ಪಕ ವಿಮಾನಕ್ಕೆ ಹೋಗಿದೆ, ಎರಡನೆಯದು ರೈಟ್ ಸಹೋದರರಿಗೆ. ಏರ್‌ಬಸ್ ಎಂಬ ಹೆಸರು ಕಾಣಿಸುವುದೇ ಮೂರನೆಯ ಪುಟದಲ್ಲಿ. ಆ ಎರಡೂ ಪುಟಗಳನ್ನು ತೆಗೆದುಬಿಡಿ. ಮುಂದೆ ಎ300ರಿಂದ ಎ380ರ ತನಕ ಪ್ರತಿ ವಿಮಾನಕ್ಕೂ ಒಂದೊಂದು ಪ್ಯಾರಾ: ಉದ್ದ ಇಷ್ಟು, ರೆಕ್ಕೆಯ ಹರವು ಇಷ್ಟು, ಸೀಟು ಇಷ್ಟು, ಮೊದಲು ಹಾರಿದ್ದು ಇಂಥ ದಿನ. ಅಂಕಿಗಳನ್ನು ತಾಳೆ ನೋಡಿದೆ, ಹೆಚ್ಚಿನವು ಸರಿ ಇವೆ. ಆದರೆ ಓದುತ್ತಿದ್ದರೆ, ಮದುವೆ ಮನೆಯಲ್ಲಿ ಬೀಗರ ಕಡೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದಂತಾಗುತ್ತದೆ. ಹೆಸರು ಕೇಳಿ ಕೈಮುಗಿದು ಮುಂದೆ ಹೋಗುತ್ತೇವೆ, ಯಾರಿಗೆ ಯಾರು ಏನಾಗಬೇಕು ಎಂಬುದು ತಲೆಗೆ ಹೋಗುವುದಿಲ್ಲ.

‘ಕುಟುಂಬ’ ಎಂಬ ಪದ ಲೇಖನದಲ್ಲಿ ಹನ್ನೊಂದು ಕಡೆ ಬಂದಿದೆ. ಅದು ಕುಟುಂಬ ಹೇಗಾಯಿತು ಎನ್ನುವುದು ಒಂದು ಕಡೆಯೂ ಇಲ್ಲ. ಲೇಖನದ ಜೀವ ಇರುವುದೇ ಅಲ್ಲಿ. ಎ318, ಎ319, ಎ320, ಎ321 ಈ ನಾಲ್ಕಕ್ಕೂ ಒಡಲಿನ ಅಗಲ ಒಂದೇ, ಕಾಕ್‌ಪಿಟ್ ಒಂದೇ. ಉದ್ದ ಮಾತ್ರ 31.44 ಮೀಟರಿನಿಂದ 44.51 ಮೀಟರಿನವರೆಗೆ ಬೆಳೆಯುತ್ತದೆ. ಅದನ್ನು ನೀವು ಕೊಟ್ಟಿದ್ದೀರಿ. ಅದರಿಂದ ಏನಾಯಿತು ಎನ್ನುವುದನ್ನು ಬಿಟ್ಟಿದ್ದೀರಿ. ಒಂದನ್ನು ಹಾರಿಸಲು ಅರ್ಹತೆ ಪಡೆದ ಪೈಲಟ್ ಉಳಿದ ಮೂರನ್ನೂ ಹಾರಿಸಬಹುದು. ಬೆಳಿಗ್ಗೆ ಚಿಕ್ಕದರಲ್ಲಿ ಹೋಗಿ ಸಂಜೆ ದೊಡ್ಡದರಲ್ಲಿ ಮರಳಬಹುದು. ಇವುಗಳಿಗಿಂತ ಬಹಳ ದೊಡ್ಡದಾದ ಎ330ಕ್ಕೆ ಬದಲಾಗಬೇಕಾದರೂ ಅಆಇಈಯಿಂದ ಕಲಿಯಬೇಕಿಲ್ಲ, ವ್ಯತ್ಯಾಸವಿರುವಷ್ಟನ್ನು ಕಲಿತರೆ ಸಾಕು. ಪೈಲಟ್‌ಗಳ ತರಬೇತಿ, ಬಿಡಿಭಾಗಗಳ ದಾಸ್ತಾನು, ಮೆಕ್ಯಾನಿಕ್‌ಗಳ ಕೈಪಳಗು, ಎಲ್ಲದರಲ್ಲೂ ವಿಮಾನ ಕಂಪನಿಗೆ ದುಡ್ಡು ಉಳಿಯುತ್ತದೆ. 2023ರ ಜೂನಿನಲ್ಲಿ ಇಂಡಿಗೊ ಒಂದೇ ಏಟಿಗೆ ಈ ಕುಟುಂಬದ 500 ವಿಮಾನಗಳಿಗೆ ಆರ್ಡರ್ ಕೊಟ್ಟಿದ್ದರ ಹಿಂದೆ ಈ ಲೆಕ್ಕವೂ ಇದೆ. ನಿಮ್ಮ ಲೇಖನದಲ್ಲಿ ಆ 500 ಒಂದು ದಾಖಲೆಯಾಗಿ ಮಾತ್ರ ನಿಂತಿದೆ.

ಅಷ್ಟೊಂದು ತೂಕದ ಅಂತರ ಇರುವ ವಿಮಾನಗಳು ಕೈಗೆ ಒಂದೇ ರೀತಿ ಸ್ಪಂದಿಸುವುದಾದರೂ ಹೇಗೆ? ಇದಕ್ಕೆ ಉತ್ತರವೂ ನಿಮ್ಮಲ್ಲೇ ಇದೆ, ಆದರೆ ನಾಲ್ಕು ಪುಟ ಆಚೆ, ‘ತಂತಿಮೂಲಕ ಹಾರಾಟ ನಿಯಂತ್ರಣ ವ್ಯವಸ್ಥೆ’ ಎಂಬ ಉಪಶೀರ್ಷಿಕೆಯ ಕೆಳಗೆ. ಈ ಪದವನ್ನು ಯಾವ ಪೈಲಟ್ಟೂ ಆಡುವುದಿಲ್ಲ, ಓದುಗನಿಗೂ ಅರ್ಥವಾಗುವುದಿಲ್ಲ. ಫ್ಲೈ-ಬೈ-ವೈರ್ ಎಂದೇ ಬರೆದು ಬಿಡಿಸಿ ಹೇಳಿ. ಸೈಕಲ್ ಬ್ರೇಕ್ ಹಿಡಿದಾಗ ಕೇಬಲ್ ಎಳೆದು ರಬ್ಬರ್ ಗಾಲಿಗೆ ಒತ್ತುತ್ತದೆ. ಹಳೆಯ ವಿಮಾನಗಳಲ್ಲಿ ಪೈಲಟ್‌ನ ಕೈಗೂ ರೆಕ್ಕೆ ಬಾಲಗಳಿಗೂ ಇದ್ದದ್ದು ಅಂಥದೇ ನಂಟು. ಕೇಬಲ್ಲು, ರಾಟೆ, ಅವುಗಳ ಹಿಂದೆ ಹೈಡ್ರಾಲಿಕ್ ಬಲ. ಎ320ರಲ್ಲಿ ಪೈಲಟ್ ಪಕ್ಕದ ಪುಟ್ಟ ಸೈಡ್‌ಸ್ಟಿಕ್ ವಾಲಿಸಿದರೆ ಹೊರಡುವುದು ವಿದ್ಯುತ್ ಸಂಕೇತ. ನಡುವೆ ಕುಳಿತ ಕಂಪ್ಯೂಟರ್‌ಗಳು ‘ಇವರಿಗೆ ಇಷ್ಟು ವೇಗದಲ್ಲಿ ವಾಲಬೇಕಂತೆ’ ಎಂದು ಓದಿಕೊಂಡು, ಅದಕ್ಕೆ ಯಾವ ಭಾಗ ಎಷ್ಟು ಕದಲಬೇಕೋ ತಾವೇ ಲೆಕ್ಕ ಹಾಕುತ್ತವೆ. ಹಾಗಾಗಿ ಎ320ಕ್ಕೂ ಅದರ ಮೂರು ಪಟ್ಟು ತೂಗುವ ಎ330ಕ್ಕೂ ಕೈಗೆ ಸಿಗುವ ಅನುಭವವನ್ನು ಹತ್ತಿರ ತರಲು ಸಾಧ್ಯವಾಯಿತು. 1987ರ ಫೆಬ್ರವರಿ 22ರಂದು ಮೊದಲು ಹಾರಿದ ಎ320, ಪೂರ್ತಿ ಡಿಜಿಟಲ್ ಫ್ಲೈ-ಬೈ-ವೈರ್ ಇದ್ದ ಮೊದಲ ಪ್ರಯಾಣಿಕ ವಿಮಾನ. ನಿಮ್ಮ ‘ಕುಟುಂಬ’ವನ್ನು ಕಟ್ಟಿದ್ದು ಈ ತಂತ್ರ. ಎರಡನ್ನೂ ಒಂದೇ ಕಡೆಗೆ ತನ್ನಿ, ಲೇಖನ ಅರ್ಧ ಸರಿಹೋಗುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ ಸಾಲು ಬೇರೆಯೇ ಇದೆ. ‘1990ರಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೈಕೊಟ್ಟು ಎ320 ವಿಮಾನವೊಂದು ಪತನಗೊಂಡಿತು’ ಎಂದು ಬರೆದು, ಮರುವಾಕ್ಯದಲ್ಲೇ ಎ321ರ ಉದ್ದಕ್ಕೆ ಹೋಗಿದ್ದೀರಿ.

ಆ ಫೆಬ್ರವರಿ 14ರಂದು ನಾನು ಬೆಂಗಳೂರಿನ ಒಂದು ದಿನಪತ್ರಿಕೆಗೆ ಹೊಸದಾಗಿ ಸೇರಿದ್ದ ಉಪಸಂಪಾದಕ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ವಿಮಾನ ಸೇವೆಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ‘ಕಂಪ್ಯೂಟರ್ ವಿಮಾನ’ ಎಂಬ ಮಾತು. ನಾನೂ ಅದನ್ನೇ ಶೀರ್ಷಿಕೆಗೆ ಏರಿಸಿದೆ. ಏನಾಯಿತು ಎಂದು ಆ ಹೊತ್ತಿಗೆ ಯಾರಿಗೂ ತಿಳಿದಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದೆನಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ. ಮೂವತ್ತು ವರ್ಷ ದಾಟಿದ ಮೇಲೆ ಅದೇ ಮಾತು ನಿಮ್ಮ ಲೇಖನದಲ್ಲಿ ಎದುರಾದಾಗ ಪುಟ ಮಗುಚಲಾಗಲಿಲ್ಲ.

ತನಿಖೆ ಹೇಳಿದ್ದು ಯಂತ್ರ ಕೆಟ್ಟ ಕಥೆಯನ್ನಲ್ಲ. ಇಳಿಯುವ ಕೊನೆಯ ಹಂತದಲ್ಲಿ ವಿಮಾನ ‘ಓಪನ್ ಡಿಸೆಂಟ್’ ಎಂಬ ವಿಧಾನದಲ್ಲಿತ್ತು. ಆ ವಿಧಾನದಲ್ಲಿ ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ಕಾರು ಸಿಗ್ನಲ್‌ನಲ್ಲಿ ನಿಂತಾಗ ಓಡುವಷ್ಟೇ ನಿಧಾನವಾಗಿ ಓಡುತ್ತವೆ. ಮೇಲಿನಿಂದ ಇಳಿಯುವಾಗ ಅದು ಸರಿ, ರನ್‌ವೇ ಸಮೀಪಿಸಿದಾಗ ಅಲ್ಲ. ವೇಗ ಇಳಿಯುತ್ತಾ ಹೋಯಿತು. ಇನ್ನು ನಾನೂರು ಅಡಿ, ಮುನ್ನೂರು, ಇನ್ನೂರು ಎಂದು ವಿಮಾನವೇ ಎತ್ತರ ಕೂಗಿ ಹೇಳಿತು. ಎಂಜಿನ್ ಬಲ ಏರಿಸುವ ಥ್ರಸ್ಟ್ ಲಿವರ್ ಮುಂದಕ್ಕೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಏರಲು ಕೆಲವು ಸೆಕೆಂಡು ಬೇಕೇ ಬೇಕು. ಪೈಲಟ್‌ಗಳು ಪರಿಸ್ಥಿತಿಯ ಗಾಂಭೀರ್ಯ ಅರಿತು ತಕ್ಷಣ ಲಿವರ್ ದೂಡದಿದ್ದುದೇ ಕಾರಣ ಎಂದು ವರದಿ ಹೇಳಿತು. ಆ ಗಳಿಗೆಯಲ್ಲಿ ವಿಮಾನ ಆ ವಿಧಾನಕ್ಕೆ ಹೇಗೆ ಹೋಯಿತು ಎಂಬುದನ್ನು ಗುರುತಿಸಲಾಗದು ಎಂದೂ ಅದೇ ವರದಿ ಒಪ್ಪಿಕೊಂಡಿತು.

ಹಾಗಾದರೆ ‘ಪೈಲಟ್ ತಪ್ಪು’ ಎಂದು ತಿದ್ದಿದರೆ ಸಾಕೇ? ಸಾಲದು. ಆಗಿನ ಬೇರೆ ಜೆಟ್‌ಗಳಲ್ಲಿ ಆಟೋಥ್ರಾಟಲ್ ಎಂಬ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್ ಬಲ ಏರಿಸಿ ಇಳಿಸಿದಾಗ ಲಿವರ್‌ಗಳು ತಾವಾಗಿ ಹಿಂದೆ ಮುಂದೆ ಸರಿಯುತ್ತಿದ್ದವು. ಅಂಗೈ ಮೇಲಿಟ್ಟಿದ್ದರೆ ಸಾಕು, ಎಂಜಿನ್ ಏನು ಮಾಡುತ್ತಿದೆ ಎಂದು ಕೈಗೇ ತಿಳಿಯುತ್ತಿತ್ತು. ಎ320ರಲ್ಲಿ ಲಿವರ್ ಇಟ್ಟ ಜಾಗದಲ್ಲೇ ಇರುತ್ತದೆ, ಬಲ ಬದಲಾದದ್ದನ್ನು ಪರದೆಯಲ್ಲಿ ಓದಬೇಕು. ವರ್ಷಗಟ್ಟಲೆ ಕೈಯಿಂದ ತಿಳಿದುಕೊಂಡಿದ್ದವರು ಇನ್ನು ಕಣ್ಣಿನಿಂದ ತಿಳಿಯಬೇಕಾಯಿತು. ಈ ವಿನ್ಯಾಸ ಸರಿಯೋ ತಪ್ಪೋ ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ. ಏರ್‌ಬಸ್ ಮಾತ್ರ ಅದನ್ನು ಬಿಡಲಿಲ್ಲ. ನಿಮ್ಮ ಲೇಖನಕ್ಕೆ ಬೇಕಾದದ್ದು ಈ ಇಕ್ಕಟ್ಟು: ಕುಟುಂಬವನ್ನು ಒಂದುಗೂಡಿಸಿದ ಅದೇ ಕಾಕ್‌ಪಿಟ್ಟು, ಅದು ಹೊಸದಾಗಿದ್ದಾಗ ಮನುಷ್ಯನಿಂದ ಏನನ್ನು ಬಯಸಿತು ಎಂಬುದು. ಇದಕ್ಕೆ ಎರಡು ಪುಟ ಕೊಟ್ಟರೂ ನನಗೆ ಹೆಚ್ಚೆನಿಸದು. ಅಪಘಾತದ ನಂತರ ದೇಶದ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿದ್ದರು. ಇವತ್ತು ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹಾರುವ ನಮ್ಮ ಓದುಗ, ಗೊತ್ತಿಲ್ಲದೆಯೇ ಹತ್ತಾರು ಸಲ ಈ ವಿಮಾನದಲ್ಲಿ ಕೂತಿರುತ್ತಾನೆ.

ಆರಂಭದ ಇತಿಹಾಸವನ್ನು ನೀವು ಬರೀ ಜಯಭೇರಿಯಾಗಿ ಬರೆದಿದ್ದೀರಿ. ಫ್ರಾನ್ಸ್, ಜರ್ಮನಿ, ಬ್ರಿಟನ್ ಕೈಜೋಡಿಸಿ 1970ರಲ್ಲಿ ಏರ್‌ಬಸ್ ಕಟ್ಟಿದವು ಎನ್ನುವುದೂ ಸರಿಯಲ್ಲ. ಬ್ರಿಟಿಷ್ ಸರ್ಕಾರ 1969ರಲ್ಲೇ ಹೊರನಡೆದಿತ್ತು. ಎ300ರ ರೆಕ್ಕೆಯನ್ನು ಹಾಕರ್ ಸಿಡ್ಲಿ ಎಂಬ ಬ್ರಿಟಿಷ್ ಕಂಪನಿ ಖಾಸಗಿಯಾಗಿ ಒಪ್ಪಿಕೊಂಡು ಮಾಡಿತು. ಬ್ರಿಟನ್ ಪಾಲುದಾರನಾಗಿ ಮರಳಿದ್ದು 1979ರಲ್ಲಿ. ನಡುವೆ ಎಪ್ಪತ್ತರ ದಶಕದ ಮಧ್ಯದಲ್ಲಿ ಎ300 ಕೊಳ್ಳುವವರು ತೀರಾ ವಿರಳ. ಬಾಲದ ಮೇಲೆ ಯಾವ ಕಂಪನಿಯ ಗುರುತೂ ಇಲ್ಲದ ಬಿಳಿ ವಿಮಾನಗಳು, ಅವುಗಳನ್ನು ಜೋಡಿಸುವ ಫ್ರಾನ್ಸಿನ ಟುಲೂಸ್‌ನಲ್ಲಿ ಸಾಲುಗಟ್ಟಿ ನಿಂತಿದ್ದವು. ಆ ಬರಗಾಲದಲ್ಲಿ ಕೊಂಡವರಲ್ಲಿ ನಮ್ಮ ಇಂಡಿಯನ್ ಏರ್‌ಲೈನ್ಸ್ ಕೂಡ ಒಂದು. 1976ರಲ್ಲಿ ಅದಕ್ಕೆ ಎ300 ಬಂತು. ಮರುವರ್ಷ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ಗೆ ನಾಲ್ಕು ವಿಮಾನಗಳನ್ನು ಆರು ತಿಂಗಳು ಬಾಡಿಗೆಯಿಲ್ಲದೆ ಕೊಟ್ಟರು, ಹಾರಿಸಿ ನೋಡಿ ಎಂದು. ಆ ಕಂಪನಿಯ ಮುಖ್ಯಸ್ಥ, ಅಪೊಲೊ 8ರಲ್ಲಿ ಚಂದ್ರನನ್ನು ಸುತ್ತಿ ಬಂದ ಫ್ರಾಂಕ್ ಬೋರ್ಮನ್. 1978ರಲ್ಲಿ ಅವರು 23 ವಿಮಾನಗಳಿಗೆ ಆರ್ಡರ್ ಕೊಟ್ಟರು. ಈ ಪ್ರಸಂಗ ನಿಮ್ಮಲ್ಲಿ ಇಲ್ಲವೇ ಇಲ್ಲ. ಲೇಖನ ಇಲ್ಲಿಂದಲೇ ಶುರುವಾದರೆ ನನಗೆ ಸಂತೋಷ.

ಎ380ರ ಬಗ್ಗೆ ಪೂರ್ತಿ ಒಂದು ಪುಟ ಹೊಗಳಿಕೆಯಿದೆ. ಅದರ ಬದಲು ಅದರ ವೈರಿಂಗ್ ಕಥೆ ಬರೆಯಿರಿ. ಒಂದು ವಿಮಾನಕ್ಕೆ ಸುಮಾರು 530 ಕಿಲೊಮೀಟರ್ ವೈರು. ಜರ್ಮನಿಯ ಹ್ಯಾಂಬರ್ಗ್‌ನವರು ಬಳಸುತ್ತಿದ್ದ ವಿನ್ಯಾಸದ ಸಾಫ್ಟ್‌ವೇರ್ ಹಳೆಯ ಆವೃತ್ತಿ, ಟುಲೂಸ್‌ನವರದು ಹೊಸದು. ಜೋಡಿಸಲು ಹೋದರೆ ವೈರುಗಳ ಅಳತೆ ಹೊಂದಲಿಲ್ಲ. ವಿಮಾನ ಎರಡು ವರ್ಷದಷ್ಟು ತಡವಾಯಿತು. ಬೇರೆ ಬೇರೆ ದೇಶಗಳಲ್ಲಿ ತುಂಡು ತುಂಡಾಗಿ ಮಾಡಿ ಒಂದು ಕಡೆ ಜೋಡಿಸುವ ಪದ್ಧತಿಯ ಕಷ್ಟ ಏನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಿಮಗೆ ಸಿಗದು.

‘ಕರ್ನಾಟಕದಲ್ಲೂ ಕೆಲವು ಬಿಡಿಭಾಗಗಳು ತಯಾರಾಗುತ್ತವೆ’ ಎಂದಿದ್ದೀರಿ. ಯಾವುವು? ಎ320ರ ಮುಂಬಾಗಿಲುಗಳನ್ನು ಎಚ್‌ಎಎಲ್ ಮಾಡಿಕೊಟ್ಟಿದೆ. ಬೆಂಗಳೂರಿನ ಡೈನಾಮ್ಯಾಟಿಕ್, ರೆಕ್ಕೆಯ ಹಿಂಬದಿಯಲ್ಲಿ ಹೊರಚಾಚುವ ಫ್ಲ್ಯಾಪ್‌ಗಳನ್ನು ಹೊರುವ ತೊಲೆಗಳನ್ನು ಮಾಡುತ್ತದೆ. ಬೆಳಗಾವಿ ಹತ್ತಿರದ ಏಕಸ್‌ನಿಂದಲೂ ಭಾಗಗಳು ಹೋಗುತ್ತವೆ. ಹೆಸರಿಟ್ಟು ಮೂರು ವಾಕ್ಯ ಬರೆಯಿರಿ, ಸಾಕು. ಹೆಮ್ಮೆಯ ಪ್ಯಾರಾ ಬೇಡ.

ಉದ್ದ, ಸೀಟು, ಇಸವಿಗಳನ್ನು ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ ಕೊಡಿ, ಬಾಕ್ಸ್‌ನಲ್ಲಿ ಹಾಕುತ್ತೇವೆ. ಲೇಖನ ಸಾವಿರದೈನೂರು ಪದ ಮೀರದಿರಲಿ. ‘ಮಾನವನ ಕನಸಿಗೆ ರೆಕ್ಕೆ ಮೂಡಿತು’ ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಐದನೆಯ ಪುಟದಲ್ಲಿ ಎ340ಕ್ಕೆ ಎರಡು ಎಂಜಿನ್ ಎಂದು ಬಂದಿದೆ, ನಾಲ್ಕು ಎಂದು ತಿದ್ದಿ. ಎರಡು ಇರುವುದು ಎ330ಕ್ಕೆ. ಮುಂದಿನ ತಿಂಗಳ ಹತ್ತನೆಯ ತಾರೀಕಿನೊಳಗೆ ಕೈಸೇರಿದರೆ ಅದರ ಮರುಸಂಚಿಕೆಗೆ ಜಾಗ ಇಟ್ಟಿರುತ್ತೇನೆ. 1990ರ ಭಾಗ ಬರೆಯುವಾಗ ಎಲ್ಲಾದರೂ ತೊಡಕಾದರೆ ಅಷ್ಟನ್ನೇ ಮೊದಲು ಕಳಿಸಿ, ಕೂತು ನೋಡೋಣ.

ವಿಶ್ವಾಸದಿಂದ,
ಸಂಪಾದಕ